ವಾಪಸ್ಸಿನ ಲೆಕ್ಕ

ಮಂಗಳವಾರ ಕಂಪನಿಯ ಹುಡುಗ ಬಂದ.
ಎಂದಿನಂತೆ ಆರ್ಡರ್ ಬರೆದುಕೊಳ್ಳಲಿಲ್ಲ, ಟೀ ಬೇಡವೆಂದ.
ಒಂದು ಹಾಳೆ ಕೊಟ್ಟು ಕೆಳಗೆ ಸಹಿ ಹಾಕಿಸಿಕೊಂಡ:
ಸಿಂಕು ಕಟ್ಟಿದರೆ ಸುರಿಯುವ ಆ ನೀರು,
ಈ ನಂಬರಿನ ಮಾಲು, ಪೂರ್ತಿ ವಾಪಸ್ಸು.
‘ಮುಚ್ಚಳ ಸರಿಯಿಲ್ಲವಂತೆ, ಅಕ್ಕಾ.’
ಸೋರುತ್ತದೆಯೇ ಎಂದೆ.
‘ಇಲ್ಲ. ಸುಲಭವಾಗಿ ತೆರೆಯುತ್ತದೆ.’

ಹದಿನೇಳು ವರ್ಷದ ಅಂಗಡಿಯಲ್ಲಿ
ಇಂಥ ದೂರು ಇದೇ ಮೊದಲು.
ಉಪ್ಪಿನಕಾಯಿ ಜಾಡಿ ತೆರೆಯಲಾರದೆ ಬಂದವರುಂಟು,
ಬಾಗಿಲ ಸಂದಿಗೆ ಸಿಕ್ಕಿಸಿ ತಿರುಗಿಸಿ ಕೊಟ್ಟಿದ್ದೇನೆ.
ಸಲೀಸಾದದ್ದೂ ಒಂದು ತಪ್ಪೆಂದು
ಲಗ್ಗೆರೆಯ ಯಾವ ಗಿರಾಕಿಯೂ ಹೇಳಿರಲಿಲ್ಲ.

ಬಾಟ್ಲಿಯನ್ನು ಬೆಳಕಿಗೆ ಹಿಡಿದೆ.
ಕಿತ್ತಳೆ. ಹತ್ತು ರೂಪಾಯಿಯ ಜ್ಯೂಸಿನದೇ ಬಣ್ಣ.
ಎರಡೂ ಒಂದೇ ಹಲಗೆಯ ಮೇಲೆ, ಸೊಂಟದೆತ್ತರಕ್ಕೆ,
ನಾನೇ ಜೋಡಿಸಿದ್ದು,
ನೋಡಲು ಚೆಂದವೆಂದು.

ಡಬ್ಬದಲ್ಲಿ ಇಪ್ಪತ್ತನಾಲ್ಕು. ಉಳಿದದ್ದು ಒಂಬತ್ತು.
ಮಿಕ್ಕ ಹದಿನೈದು ಎಲ್ಲಿವೆಯೆಂದು ಕಂಪನಿಗೆ ಗೊತ್ತಿಲ್ಲ,
ನನ್ನ ಸಾಲದ ಪುಸ್ತಕಕ್ಕೆ ಗೊತ್ತು.
ಅದರಲ್ಲಿ ಹೆಸರಿಗಿಂತ ಗುರುತೇ ಹೆಚ್ಚು:
ಹಸಿರು ಗೇಟು ಜಬೀನಾ, ಹೊಲಿಗೆ ಮಿಷನ್ ಮುನಿತಾಯಮ್ಮ,
ಟೆರೇಸಿನ ಒಡಿಯಾ ಹುಡುಗರು, ಬೋರ್‌ವೆಲ್ ಪಕ್ಕದ ಸೆಲ್ವಿ.
ಬಾಕಿ ಕೇಳಲು ಎಂದೂ ಹತ್ತದ ಮೆಟ್ಟಿಲು
ಬಾಟ್ಲಿ ಕೇಳಲು ಹತ್ತಿದೆ.
ಬಾಗಿಲು ತೆರೆದವರೆಲ್ಲ ಮೊದಲು ಹೇಳಿದ್ದು
‘ಒಂದನೇ ತಾರೀಖು ಕೊಡ್ತೀನಿ.’

ಜಬೀನಾ ಅರ್ಧ ಬಾಟ್ಲಿ ಕೊಟ್ಟು
ಪೂರ್ತಿ ದುಡ್ಡು ಬರೆದುಕೋ ಎಂದಳು.
ಹುಡುಗರು ಕತ್ತು ಕತ್ತರಿಸಿ ಹಲ್ಲುಜ್ಜುವ ಬ್ರಷ್ಷು ನಿಲ್ಲಿಸಿದ್ದರು,
ಆರು ಬ್ರಷ್ಷು, ಆರು ಬಣ್ಣ.
ಮುನಿತಾಯಮ್ಮ ಮಾತ್ರ ಬಿಲ್ಕುಲ್ ಒಪ್ಪಲಿಲ್ಲ:
‘ಇನ್ಯಾವುದಕ್ಕೂ ನಮ್ಮ ಮೋರಿ ಬಗ್ಗಲ್ಲ ಕಣೇ.
ಮಕ್ಕಳಿಗೆ ಅಪಾಯ ಅಂತೀಯ,
ನಮ್ಮನೇಲಿ ಮಕ್ಕಳೆಲ್ಲಿವೆ?’
ಮಿಷನ್ ತುಳಿಯತೊಡಗಿದಳು, ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ.
ನಾನು ಒತ್ತಾಯ ಮಾಡದೆ ಇಳಿದುಬಂದೆ.

ಸೆಲ್ವಿಯ ಮನೆಗೆ ಬೀಗ. ಗಾರ್ಮೆಂಟ್ಸಿನಲ್ಲಿ ಓವರ್‌ಟೈಮು.
ಕಿಟಕಿಯ ಸರಳಿನ ಹಿಂದೆ ಮಗು, ಯಾಳಿನಿ,
ನಾಲ್ಕು ತುಂಬಿರಬಹುದು.
‘ಪಾಟಿ ಮಲಗಿದಾಳೆ’ ಎಂದಿತು.
ಕೈಯಲ್ಲಿ ಅದೇ ಬಾಟ್ಲಿ.
ನಾನು ಬಾಯಿ ತೆರೆಯುವಷ್ಟರಲ್ಲಿ
ಎತ್ತಿ ಕುಡಿಯಿತು.

ಹಾಲಿನ ಆಟೋ ಹಾರ್ನು ಹೊಡೆಯುತ್ತಿತ್ತಂತೆ,
ದಾರಿಯಲ್ಲಿ ನಿಂತಿದ್ದೆನಂತೆ ನಾನು. ಕೇಳಿಸಲಿಲ್ಲ.
ಆಮೇಲೆ ಕಂಡಿತು: ಒಳಗಿರುವುದು ಬಣ್ಣವಿಲ್ಲದ್ದು,
ಬರಿಯ ನೀರು.
ಯಾಳಿನಿ ಮುಚ್ಚಳ ಹಾಕಿತು, ತೆಗೆಯಿತು, ಹಾಕಿತು.
‘ನಂಗೇ ಬರುತ್ತೆ.’

ರಾತ್ರಿ ಸೆಲ್ವಿ ಅಂಗಡಿಗೇ ಬಂದಳು:
‘ಏಳು ಸಲ ತೊಳೆದಿದೀನಕ್ಕ,
ಬಿಸಿನೀರು, ಸಬೀನಾ ಪುಡಿ, ನಿಂಬೆಸಿಪ್ಪೆ.
ಗಟ್ಟಿ ಬಾಟ್ಲಿ, ಬಿಸಾಕೋಕೆ ಮನಸ್ಸು ಬರಲಿಲ್ಲ.
ಅಂಗನವಾಡಿಗೆ ನೀರು ಬೇಕಲ್ಲ.’
ಬೈಯಲೆಂದು ಇಡೀ ಸಂಜೆ ಮಾತು ಜೋಡಿಸಿದ್ದೆ.
ಅವಳ ಬೆರಳ ತುದಿಗಳು ಸುಲಿದಿದ್ದವು.
ಒಂದು ಸ್ಟೀಲಿನ ಬಾಟ್ಲಿ ಕೊಟ್ಟೆ, ನೂರೆಂಬತ್ತರದು.
ಪುಸ್ತಕ ತೆರೆದು, ಯಾರ ಹೆಸರಿಗೆ ಬರೆಯಲೆಂದು
ಪೆನ್ನು ಹಿಡಿದು ಕೂತೆ. ಬರೆಯಲಿಲ್ಲ.

ಹೊಸ ಮಾಲು ಬಂತು ತಿಂಗಳು ಕಳೆದು.
ಒತ್ತಿ ಹಿಡಿದು ತಿರುಗಿಸಬೇಕು, ಬಾಣದ ಗುರುತಿದೆ,
ಮುನಿತಾಯಮ್ಮ ನನ್ನಿಂದ ತೆಗೆಸಿಕೊಂಡು
ಸಡಿಲ ಮುಚ್ಚಿಸಿಕೊಂಡೇ ಹೋದಳು.
ಮಿಕ್ಕವನ್ನು ಮೇಲಿನ ಹಲಗೆಗೇರಿಸಿದೆ,
ಬ್ಯಾಟರಿ, ಇಲಿಪಾಷಾಣ, ಸೊಳ್ಳೆಬತ್ತಿಗಳ ಸಾಲಿಗೆ.
ಗಿರಾಕಿ ಕೇಳಿದರೆ ಸ್ಟೂಲು ಹತ್ತಬೇಕು.

ನಿನ್ನೆ ಯಾಳಿನಿ ಬಂದಿತ್ತು, ಮುಷ್ಟಿಯಲ್ಲಿ ಎರಡು ರೂಪಾಯಿ.
ಚಾಕ್ಲೇಟು ಕೊಟ್ಟರೂ ಹೋಗಲಿಲ್ಲ.
ಕತ್ತು ಹಿಂದಕ್ಕೆ ಚೆಲ್ಲಿ ಮೇಲೆ ನೋಡುತ್ತ,
ಹಳೆಯ ನೆಂಟರನ್ನು ಗುರುತು ಹಿಡಿದವರಂತೆ
ಬೆರಳು ತೋರಿಸಿತು:
‘ಅಲ್ಲಿ, ನನ್ನ ನೀರು.’