ಹನ್ನೆರಡರದ್ದು

ಬೆಲ್ಟು, ಬೀಗದ ಕೈ, ಎರಡು ರೂಪಾಯಿಯ ಮೂರು ನಾಣ್ಯ,
ಬೀಡಿಕಟ್ಟು (ಅದರಲ್ಲಿ ಕಬ್ಬಿಣವಿಲ್ಲ, ಆದರೂ ಕೊಟ್ಟರು),
ಒಳಜೇಬಿನಿಂದ ಕೊನೆಗೊಂದು ಸ್ಪ್ಯಾನರ್.
ಟ್ರೇಯಲ್ಲಿ ಅದು ಟಣ್ಣೆಂದಾಗ
ಮೊಯ್ದು ಅದರ ಹೆಸರು ಹೇಳಲು ಬಾಯಿ ತೆರೆದರು.
ಬರಲಿಲ್ಲ.
"ಹನ್ನೆರಡರದ್ದು," ಎಂದರು, ಅಳತೆ ಮಾತ್ರ.

ಸಿದ್ದಾಪುರದ ಕಡೆಯ ತೋಟಗಳಲ್ಲಿ
ಮೂವತ್ತೊಂದು ವರ್ಷ ಸ್ಪ್ರಿಂಕ್ಲರ್ ಪೈಪು ಜೋಡಿಸಿದ ಕೈ.
ಈ ಫೆಬ್ರವರಿ, ರೊಬಸ್ಟಾ ಹೂ ಬಿಡಿಸಲು ನೀರು ಹಾಯಿಸುತ್ತಿದ್ದಾಗ
ಬಲಗೈ ನಟ್ಟನ್ನು ಬಿಟ್ಟುಬಿಟ್ಟಿತು.
ಪಂಪು ಓಡುತ್ತಲೇ ಇತ್ತಂತೆ, ಜೆಟ್ಟು ತಿರುಗುತ್ತಲೇ ಇತ್ತಂತೆ,
ನಿಂತಲ್ಲೇ ತೊಯ್ದು ತೊಪ್ಪೆಯಾದರಂತೆ,
ನಿಲ್ಲಿಸಿ ಅನ್ನುವ ಮಾತು ಸಿಗದೆ.

ಹಿಂದಿನ ಸ್ಕ್ಯಾನು ದಾರಿಯನ್ನಷ್ಟೇ ತೋರಿಸಿತ್ತು:
ಎಡ ಮಿದುಳಿಗೆ ಹೋಗುವ ಧಮನಿಯೊಂದು
ಒಂದು ತಿರುವಿನಲ್ಲಿ ನೂಲಿನಷ್ಟಾಗಿದೆ.
ಯಾಕಾಯಿತೆಂದು ರಕ್ತ ಹೇಳುವುದಿಲ್ಲ.
ತಾನು ಕಿರಿದಾದದ್ದಷ್ಟೇ ಹೊಳೆಗೆ ಗೊತ್ತು;
ದಂಡೆಗೆ ಹೂಳು ಮೆತ್ತಿತೋ, ದಂಡೆಯೇ ನೀರು ಕುಡಿದು ಉಬ್ಬಿತೋ,
ದಂಡೆಯನ್ನೇ ಕೇಳಬೇಕು.

ಇವತ್ತಿನದು ಗೋಡೆಯ ಚಿತ್ರ.
ಅದಕ್ಕೆ ಮೊದಲು ರಕ್ತ ಕಪ್ಪಾಗಬೇಕು.
ಮೈಯಲ್ಲಲ್ಲ, ನನ್ನ ಪರದೆಯ ಮೇಲೆ.
ಓಡುವುದೆಲ್ಲ ಕತ್ತಲಾಗಲಿ, ನಿಂತದ್ದು ಉಳಿಯಲಿ ಎಂದು
ಯಂತ್ರಕ್ಕೆ ಹೇಳಿಕೊಡುತ್ತೇನೆ.
ಒಂದು ಮಿಲಿಮೀಟರನ್ನೂ ಮುಟ್ಟದ ಗೋಡೆ;
ತಲೆ ಒಂದು ಕೂದಲೆಳೆಯಷ್ಟು ಹೊರಳಿದರೂ ಕದಡುತ್ತದೆ.

"ಎಂಟು ನಿಮಿಷ. ಅಲ್ಲಾಡಬೇಡಿ, ಕೆಮ್ಮಬೇಡಿ.
ಬೇಕಾದರೆ ಈ ರಬ್ಬರು ಉಂಡೆ ಒತ್ತಿ." ಎಡಗೈಗೆ ಕೊಟ್ಟೆ.

ಆಸ್ಪತ್ರೆಯ ಕೆಳಗೆ, ರಸ್ತೆಯಂಚಿನ ಬರೆಗೆ
ತಡೆಗೋಡೆ ಕಟ್ಟುತ್ತಿದ್ದಾರೆ. ಬೆಳಿಗ್ಗೆ ಬರುವಾಗ ನೋಡಿದೆ,
ಕಲ್ಲಿನ ನಡುನಡುವೆ ನೀರಿಳಿಯಲು ಪೈಪಿನ ತುಂಡು ಇಡುತ್ತಿದ್ದರು.
ಬರೆಯ ಬೆನ್ನಿಗೆ ಮಳೆ ಇಳಿದು ಕೂತರೆ ಏನಾಗುತ್ತದೆಂದು
ಮಡಿಕೇರಿಗೆ ಯಾರೂ ಪಾಠ ಹೇಳಬೇಕಿಲ್ಲ.
ಹೊರಗಿನಿಂದ ನೋಡಿದರೆ ಎಲ್ಲ ಗೋಡೆಯೂ ಗಟ್ಟಿ.

ಔಷಧಿ ಹೋಯಿತು. ಎರಡನೆಯ ಸಲದ ಚಿತ್ರ
ಸಾಲುಸಾಲಾಗಿ ಇಳಿಯತೊಡಗಿತು.
ಕಪ್ಪು ಬೊಟ್ಟಿನ ಸುತ್ತ ಬೂದು ಅಂಚು. ಬೂದು. ಬೂದು.
ಆಮೇಲೆ ಒಂದು ಮಗ್ಗುಲಲ್ಲಿ ಮಾತ್ರ
ಕತ್ತರಿಸಿ ಬಿಸಾಡಿದ ಉಗುರಿನಷ್ಟು ಬಿಳಿ.
ಬಳೆಯ ಹಾಗೆ ಸುತ್ತಲೂ ಹೊತ್ತಿಕೊಂಡರೆ ಒಂದು ರೋಗದ ಗುಮಾನಿ,
ಹೀಗೆ ಒಂದೇ ಕಡೆ ಹೊತ್ತಿಕೊಂಡರೆ ಇನ್ನೊಂದರದು.
ಆ ಮಾತು ನನ್ನದಲ್ಲ, ಮೈಸೂರಿನ ಡಾಕ್ಟರದು.
ನಾನು ಚಿತ್ರ ಕಳಿಸುವವಳು.

ಮಂಚ ಹೊರಗೆ ಬಂತು. ಉಂಡೆ ಒಮ್ಮೆಯೂ ಒತ್ತಿರಲಿಲ್ಲ.
ಹೆದರಿಕೆಯಾಯಿತಾ ಎಂದರೆ ತಲೆಯಾಡಿಸಿದರು, ಇಲ್ಲ.
"ಯಾರೋ… ತಟ್ಟಿದರು," ಎಂದರು
ಒಂದೊಂದು ಪದವನ್ನೂ ಮರೆಗೆ ಕೂರಿಸಿ ತಿರುಗಿಸುತ್ತಾ.
"ನಾನೂ ಹಾಗೇ. ತಟ್ಟಿ… ಕಿವಿ ಇಟ್ಟು.
ನೀರಿನ ಸದ್ದಲ್ಲ. ಪೈಪಿನ."
ತುಸು ಹೊತ್ತು ಬಿಟ್ಟು,
"ಎಲ್ಲಿ ಮಂದ ಬಂತು?"

ಏನು ಹೇಳಲಿ? ಸೂಜಿ ತೆಗೆದು ಹತ್ತಿ ಒತ್ತಿದೆ,
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು.
ಅವರು ನನ್ನ ಮುಖಕ್ಕೇ ಕಿವಿ ಇಟ್ಟಂತೆ ನೋಡುತ್ತಿದ್ದರು.

ಟ್ರೇ ಮುಂದಿಟ್ಟೆ. ಬೆಲ್ಟು, ಬೀಗದ ಕೈ, ನಾಣ್ಯ.
ಬೀಡಿಕಟ್ಟು ಕೊಡುವಾಗ ಒಂದು ಗಳಿಗೆ ಕೈ ತಡೆಯಿತು,
ಅದು ಅವರಿಗೆ ಕಂಡಿತು.
ಕಟ್ಟನ್ನು ಅಲ್ಲೇ ಬಿಟ್ಟು ಸ್ಪ್ಯಾನರ್ ಎತ್ತಿಕೊಂಡರು.

ಬಾಗಿಲು ತೆರೆದೇ ಇತ್ತು. ಕಂಪ್ಯೂಟರಿನಲ್ಲಿ
ಚಿತ್ರಗಳು ಮೈಸೂರಿಗೆ ಹೋಗುತ್ತಿದ್ದವು,
ನೂರಾ ನಲವತ್ತು, ನೂರಾ ನಲವತ್ತೊಂದು.
ಪಡಸಾಲೆಯ ಕಬ್ಬಿಣದ ಕೈಪಿಡಿಯ ಮೇಲೆ ಸದ್ದು.
ಎಡಗೈಯದು, ಪಳಗಿಲ್ಲದ್ದು.
ಟಣ್. ಟಣ್. ಟಣ್.
ಮೆಟ್ಟಿಲ ಹತ್ತಿರದ ಬೆಸುಗೆಯಲ್ಲಿ ನಿಂತು
ಇನ್ನೊಮ್ಮೆ ತಟ್ಟಿದರು.