ಬಾಕಿ ನಲವತ್ತು

ಚೀಲದಿಂದ ಹೊರಗೆ ಬಂದದ್ದು
ಹಸಿರು ಟವೆಲ್ಲಿನಲ್ಲಿ ಸುತ್ತಿದ ಬಟ್ಟಲು.
ಪಟಾಲಮ್ಮಿನ ಟವೆಲ್ಲು, ಅಂಚಿಗೆ ನಂಬರು.
"ಮೇಸ್ತ್ರಿ, ಇದನ್ನು ಎತ್ತಿ ಹಿಡಿಯಬೇಕು,
ನಿಧಾನಕ್ಕೆ ಇಪ್ಪತ್ತು ಎಣಿಸುವಷ್ಟು ಹೊತ್ತು.
ಎಡಗೈ ಒಂದೇ ಆದರೆ ನಡುಗುತ್ತದೆ."

ಬಲಗೈ ಮಣಿಕಟ್ಟಿಗೆ ಮೊದಲೇ ಮುಗಿದಿತ್ತು.
ಬಲಗಣ್ಣು ಗಾಜಿನದು.
ಎಡಗಾಲು ಪುಣೆಯಲ್ಲಿ ಮಾಡಿದ್ದು,
ಕೂತರೆ ಹಳೇ ಬಾಗಿಲಿನ ಹಾಗೆ ಕಿರ್ರೆನ್ನುತ್ತದೆ.
ಪಾದ್ರಿ ಬೊನವೆಂಚರ್ ರೆಬೆಲ್ಲೊ.
ಜನ್ನಾಪುರದ ಸಣ್ಣ ಚರ್ಚಿಗೆ ಬಂದು ಹದಿನೈದು ದಿನ.

ನಾನು ಭದ್ರಾವತಿಯ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಲೇತಿನ ಮುಂದೆ ನಿಂತವನು.
ಕುಲುಮೆ ಆರಿದ ಮೇಲೆ ಈ ಶೆಡ್ಡು.
ಪಂಪಿನ ಬುಷ್ಷು, ಟ್ರ್ಯಾಕ್ಟರಿನ ಪಿನ್ನು, ಗಿರಣಿಯ ಶಾಫ್ಟು.
ದೇವರ ಕೆಲಸ ಬಂದದ್ದು ಇದೇ ಮೊದಲು.

ಕ್ಯಾಲಿಪರ್ ಹಿಡಿದು ಮೊಂಡುಗೈ ಅಳೆದೆ.
ಬಿಸಿಯಾಗಿತ್ತು. ಗೋಣಿಯ ಬಾಯಿ ಹೊಲಿದಂಥ ಹೊಲಿಗೆ.
"ತುರಿಸುತ್ತದೆ," ಅಂದರು, "ಇಲ್ಲದ ಹೆಬ್ಬೆರಳು.
ರಾತ್ರಿ ಎರಡಕ್ಕೆ ಎದ್ದು ಗಾಳಿ ಕೆರೆಯುತ್ತೇನೆ."

ಕೇಳಬಾರದಿತ್ತು. ಕೇಳಿದೆ.

ಹಿಮದ ಪೋಸ್ಟು. ಹೊಟ್ಟೆಗೆ ಚೂರು ಬಡಿದ ಹುಡುಗ,
ಚುರಾಚಾಂದ್‌ಪುರದವನು, ಬ್ಯಾಪ್ಟಿಸ್ಟು.
ಅವರಲ್ಲಿ ಎಣ್ಣೆಯ ಪದ್ಧತಿ ಇಲ್ಲ.
ಆದರೂ ಹಣೆ ಒಡ್ಡಿದ.
ಹೆಬ್ಬೆರಳಿಂದ ಶಿಲುಬೆ ಬರೆಯುವಾಗ ಎರಡನೇ ಶೆಲ್ಲು.
"ಉದ್ದಗೀಟು ಮುಗಿದಿತ್ತು.
ಅಡ್ಡಗೀಟು ಬಾಕಿ."

ಬೈದಿರಾ ದೇವರನ್ನು?

"ಮಾತು ಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಏಳು ತಿಂಗಳು.
ಅವನೂ ಬಿಟ್ಟಿದ್ದ. ಇಬ್ಬರಿಗೂ ಹಠ.
ಪಕ್ಕದ ಮಂಚದಲ್ಲಿ ಒಬ್ಬ ಸರ್ದಾರ್ಜಿ, ಸುಬೇದಾರ, ಎರಡೂ ಕಾಲಿಲ್ಲ.
ಒಂದು ರಾತ್ರಿ ಕರೆದ: ಪಾದ್ರಿಸಾಬ್,
ನನ್ನ ಪ್ರಾರ್ಥನೆ ಮರೆತುಹೋಗಿದೆ, ನಿಮ್ಮದೇ ಒಂದು ಹೇಳಿ.
ಡ್ಯೂಟಿ ಬಂತಲ್ಲ. ಎದ್ದು ಕೂತೆ."

ನನ್ನ ಎಡಗೈಯ ನಡುಬೆರಳು ತೋರಿಸಿದೆ,
ಎಂಬತ್ತೆಂಟರ ನೈಟ್ ಶಿಫ್ಟಿನಲ್ಲಿ ಲೇತಿಗೆ ಕೊಟ್ಟು ಉಳಿದ ಅರ್ಧ.
ಒಂಟಿ ಕಣ್ಣಲ್ಲಿ ತುಂಬಾ ಹೊತ್ತು ನೋಡಿದರು.
ನನ್ನ ಹೆಂಡತಿ ಕೂಡ ಅಷ್ಟು ಹೊತ್ತು ನೋಡಿರಲಿಲ್ಲ.

ಹೆಬ್ಬೆರಳು, ತೋರುಬೆರಳು ಇಲ್ಲದ ಪಾದ್ರಿ
ರೊಟ್ಟಿ ಎತ್ತುವಂತಿಲ್ಲ ಅಂತ ಹಿಂದೆ ನಿಯಮವಿತ್ತಂತೆ.
ಕೋಳಿ ಕೆದರಿದಂಥ ಎಡಗೈ ಅಕ್ಷರದಲ್ಲಿ
ಬಿಷಪ್ಪರಿಗೆ ಕಾಗದ ಬರೆದರಂತೆ:
ದೀಕ್ಷೆಯ ದಿನ ಎಣ್ಣೆ ಹಚ್ಚಿದ್ದು ಎರಡು ಅಂಗೈಗೂ.
ಒಂದು ಇದೆ.

ಹಿತ್ತಾಳೆಯಲ್ಲಿ ಹಿಡಿ ಮಾಡಿದೆ. ಮೂರು ಸಲ ಕೆಟ್ಟಿತು.
ನಾಲ್ಕನೆಯದಕ್ಕೆ ಒಳಗೆ ಚರ್ಮದ ಪಟ್ಟಿ,
ಇವಳ ಹಳೇ ವ್ಯಾನಿಟಿ ಬ್ಯಾಗಿನದು.

ಭಾನುವಾರ ಹೋಗಿ ಬಾಗಿಲ ಬಳಿ ನಿಂತೆ.
ಯಾವಾಗ ಏಳುತ್ತಾರೆ, ಯಾವಾಗ ಕೂರುತ್ತಾರೆ, ತಿಳಿಯದು.
ಬಟ್ಟಲು ಮೇಲೆದ್ದಾಗ ಎಣಿಸತೊಡಗಿದೆ.
ಹದಿನಾಲ್ಕಕ್ಕೆ ಹಿಡಿ ಕೂದಲೆಳೆಯಷ್ಟು ಜಾರಿತು.
ಒಂದು ಹನಿ ನೆಲಕ್ಕೆ.

ಅವರಿಗೆ ಅದು ಬರೀ ದ್ರಾಕ್ಷಾರಸ ಅಲ್ಲ.
ಪೂಜೆ ನಿಂತಿತು.
ಮೇಜಿನ ಅಂಚು ಹಿಡಿದು, ಪುಣೆಯ ಕಾಲನ್ನು ಹಿಂದಕ್ಕೆ ಚಾಚಿ
ಇಷ್ಟಿಷ್ಟೇ ಇಳಿದರು.
ಒರೆಸಿದರು. ನೀರು ಹಾಕಿ ಮತ್ತೆ ಒರೆಸಿದರು.
ಯಾರೂ ನೆರವಿಗೆ ಹೋಗಲಿಲ್ಲ. ಹೋಗಕೂಡದೆಂದು ಮೊದಲೇ ಹೇಳಿದ್ದರಂತೆ.
ಒಂದು ಮಗು ಕೆಮ್ಮಿತು.
ತಪ್ಪು ನನ್ನದು. ಥ್ರೆಡ್ಡು ಅರ್ಧ ಸುತ್ತು ಸಡಿಲ.

ಸರಿಮಾಡಿಕೊಟ್ಟೆ.
ಮಾತಾಗಿದ್ದು ಮುನ್ನೂರಕ್ಕೆ, ಕೊಟ್ಟದ್ದು ಇನ್ನೂರ ಅರವತ್ತು.
ತಿಂಗಳಿಗೊಮ್ಮೆ ಬರುತ್ತಾರೆ, ನೆನಪಿಸಲಿಕ್ಕೆ:
"ನಲವತ್ತು ಬಾಕಿ ಇದೆ ಮೇಸ್ತ್ರಿ."
ಜೇಬಿನಲ್ಲಿದೆ ಅಂತ ಗೊತ್ತು.
ನಾನು ಕೇಳುವುದಿಲ್ಲ, ಅವರು ಕೊಡುವುದಿಲ್ಲ.
ಸ್ಟೂಲು ಎಳೆದು ಹಾಕುತ್ತೇನೆ.

ಹೊರಡುವಾಗ ಮೊಂಡುಗೈ ಎತ್ತಿ
ನನಗೋ ಲೇತಿಗೋ ಗಾಳಿಯಲ್ಲಿ ಒಂದು ಉದ್ದಗೀಟು.
ಅಲ್ಲಿ ಸ್ವಲ್ಪ ತಡೆಯುತ್ತಾರೆ.
ನಾನು ಸ್ವಿಚ್ಚು ಆರಿಸಿ ಕಾಯುತ್ತೇನೆ.