ಲೆಪೊಗೆ ಗೆರೆ ಎಲ್ಲಿ?

ಕರಿಹಲಗೆ ತೇವ ಕುಡಿದು ಸೀಮೆಸುಣ್ಣ ಹಿಡಿಯದಾದ ದಿನ
ಕೋಡಿಬಾಗದ ಐದನೇ ಇಯತ್ತೆಯನ್ನು
ಕಾಳಿ ಹೊಳೆ ಸಮುದ್ರ ಸೇರುವಲ್ಲಿಗೆ ನಡೆಸಿಕೊಂಡು ಹೋದೆ.
ಹದಿನೇಳು ಮಕ್ಕಳು, ಒಂದು ಕೋಲು, ಒಂದು ಹಗ್ಗ,
ಊಟದ ಗಂಟೆಗೆ ಇನ್ನೂ ಮುಕ್ಕಾಲು ತಾಸು.

ಇಳಿತದ ಉಸುಕು ಒದ್ದೆ, ನುಣುಪು.
ಇಷ್ಟು ದೊಡ್ಡ ಪಾಟಿಯನ್ನು ಯಾವ ಇಲಾಖೆಯೂ ಮಂಜೂರು ಮಾಡಿಲ್ಲ.
ಕೋಲು ಊರಿ ಎತ್ತಿದೆ: ಬಿಂದು.
ಇದಕ್ಕೆ ಉದ್ದವಿಲ್ಲ, ಅಗಲವಿಲ್ಲ ಎಂದೆ.
"ನೀರು ತುಂಬ್ತಲ್ಲ ಸರ್" ಅಂದ ರೋಶನ ತಾಂಡೇಲ.
ತುಂಬಿತ್ತು. ಏಡಿಮರಿಯೊಂದು ಬಂದು ಇಣುಕಿಯೂ ನೋಡಿತು.
ಪುಸ್ತಕದ ಬಿಂದು ಉಸುಕಿಗಿಳಿದರೆ
ಸ್ವಲ್ಪ ಜೀವ ಬಂದುಬಿಡುತ್ತದೆ.

ಎರಡು ಬಿಂದುವಿನ ನಡುವೆ ಹಗ್ಗ ಬಿಗಿದೆವು: ರೇಖಾಖಂಡ.
ಸದಾಶಿವಗಡಕ್ಕೆ ಹೋಗುವ ಸೇತುವೆ ಇದ್ದ ಹಾಗೆ,
ತುದಿಗೊಂದೊಂದು ಊರು.
ನಡುಗಡ್ಡೆಯ ದೀಪಸ್ತಂಭ ತೋರಿಸಿದೆ: ಕಿರಣ.
ಹೊರಡುವ ಜಾಗ ಗೊತ್ತು, ನಿಲ್ಲುವ ಜಾಗ ಇಲ್ಲ.
"ನಮ್ಮ ಅಬ್ಬಾನ ಬೋಟಿಗೆ ಮುಟ್ತದೆ" ಎಂದಳು ಫರ್ಜಾನಾ.
ಮುಟ್ಟಿ ಅಲ್ಲೇ ಉಳೀತದಾ?
ಯೋಚಿಸಿದಳು. "ಇಲ್ಲ. ದಾಟಿ ಹೋಗ್ತದೆ."

ಎರಡೂ ಕಡೆ ತುದಿಯಿಲ್ಲದ ರೇಖೆಯನ್ನು ಎಲ್ಲಿಂದ ತರಲಿ?
ಹದಿನೇಳು ಬೆರಳು ಒಟ್ಟಿಗೆ ಆಚೆ ಚಾಚಿದವು,
ನೀರು ಮುಗಿದು ಬಾನು ಶುರುವಾಗುವಲ್ಲಿಗೆ.
ನಾನೂ ಹೂಂ ಅಂದೆ.
ಅದು ಮೆಲ್ಲಗೆ, ಬಲು ಮೆಲ್ಲಗೆ ಬಾಗಿದೆ ಎನ್ನುವ ಮಾತು
ದೊಡ್ಡ ಇಯತ್ತೆಗೆ ಇರಲಿ.

ಆಮೇಲೆ ಸಮಮಿತಿ.
ತಿಸ್ರೆಯ ಚಿಪ್ಪು ಬಿಡಿಸಿದರೆ ಪುಸ್ತಕ:
ಈ ಪುಟದಲ್ಲಿದ್ದದ್ದೇ ಆ ಪುಟದಲ್ಲಿ, ತಿರುಗಿ.
ಅಕ್ಷರಮಾಲೆ ಹುಡುಕಿದೆವು.
ಠ ಹತ್ತಿರ ಬಂತು, ಸೊನ್ನೆ ಪಾಸಾಯಿತು;
ಉಳಿದವರದ್ದೆಲ್ಲ ತಲೆಕಟ್ಟು ಬಲಕ್ಕೇ ವಾಲುತ್ತದೆ.
ಒಂದು ಹೆಜ್ಜೆಗುರುತನ್ನು ಹೇಗೆ ಮಡಚಿದರೂ ಹೊಂದುವುದಿಲ್ಲ.
ಎಡ ಬಲ ಜೋಡಿಸಿ ನಿಂತು ಹಿಂದೆ ಸರಿದರೆ
ನಡುವೆ, ಯಾರೂ ಎಳೆಯದ ಗೆರೆ.

ಪಕ್ಕದಲ್ಲಿ ರಂಪಣಿ ಎಳೆಯುತ್ತಿದ್ದರು,
ಎರಡು ಹಗ್ಗ, ಎರಡು ಸಾಲು ಜನ, ಒಂದೇ ಉಸಿರು.
ಇದೋ ನೋಡಿ ಸಮಮಿತಿ, ಎನ್ನುವಷ್ಟರಲ್ಲಿ
ಸುಲಕ್ಷಾ ಹರಿಕಂತ್ರ ಆ ಬಲೆಯಿಂದಲೇ ಬಂದಳು,
ಅಂಗೈ ಮೇಲೊಂದು ಲೆಪೊ.
(ತೆಂಕಣದವರು ನಂಗು ಎನ್ನುವುದು ಇದನ್ನೇ.)
ಒಂದು ಮೈ ಉಸುಕಿನ ಬಣ್ಣ, ಇನ್ನೊಂದು ಬಿಳಿ.
ಕಣ್ಣು ಎರಡೂ ಒಂದೇ ಕಡೆ.
"ಇದಕ್ಕೆ ಗೆರೆ ಎಲ್ಲಿ ಸರ್?"

ನನ್ನ ಕೋಲು ಉಸುಕಿನಲ್ಲೇ ನಿಂತಿತು.
"ಮರಿ ಇದ್ದಾಗ ಆಚೆಗೊಂದು ಈಚೆಗೊಂದು ಇರ್ತದೆ" ಎಂದಳು
ನನಗೆ ಪಾಠ ಮಾಡುವ ದನಿಯಲ್ಲಿ.
"ದೊಡ್ಡದಾದ ಮೇಲೆ ಮಲಗ್ತದೆ.
ಅಡಿಗೆ ಬಿದ್ದ ಕಣ್ಣಿಗೆ ಬರೀ ಉಸುಕು.
ಎಷ್ಟು ದಿನ ಅಂತ ನೋಡ್ತದೆ? ಮೇಲೆ ಬರ್ತದೆ."

ಗಂಟೆ ಹೊಡೆಯಿತು. ಭರತ ಏರುತ್ತ ಬಂದು
ಮೊದಲು ಕಿರಣ, ಆಮೇಲೆ ಖಂಡ, ಕಡೆಗೆ ಬಿಂದು ಒರೆಸಿತು.
ಮೀನು ನೀರಿಗೆ ಹೋಯಿತೋ ಸುಲಕ್ಷಾಳ ಮನೆಗೋ
ನಾನು ಕೇಳಲಿಲ್ಲ.

ಪರೀಕ್ಷೆಯಲ್ಲಿ ನಾಲ್ಕನೇ ಪ್ರಶ್ನೆ:
ಸಮಮಿತಿ ಇಲ್ಲದ ಒಂದು ಆಕೃತಿ ಬರೆಯಿರಿ.
ಹದಿನೇಳು ಹಾಳೆಯಲ್ಲಿ ಹದಿನೇಳು ಲೆಪೊ.
ಕೆಲವು ಎಡಕ್ಕೆ ನೋಡುತ್ತವೆ, ಕೆಲವು ಬಲಕ್ಕೆ.
ನಿಜವಾದ ಲೆಪೊ ಯಾವ ಕಡೆಯದು?
ಮೀನಿನ ಲೆಕ್ಕದಲ್ಲಿ ಮಾರ್ಕು ಕಳೆಯುವ ಅಧಿಕಾರ
ನನಗಿಲ್ಲ; ಎಲ್ಲಕ್ಕೂ ಎರಡೆರಡು ಕೊಟ್ಟೆ.

ರಾತ್ರಿ ಹಾಳೆಗಳ ಕಟ್ಟು ಜಾರಿ ನೆಲಕ್ಕೆ ಹರಡಿತು.
ರೋಶನನ ಲೆಪೊ ಸುಲಕ್ಷಾಳ ಲೆಪೊದ ಮುಖಕ್ಕೆ ಮುಖ.
ನಡುವೆ ಎರಡು ಬೆರಳಿನಷ್ಟು ಜಾಗ.
ಬಗ್ಗಿ ನೋಡಿದೆ,
ಹಾಳೆ ಎತ್ತಿಡುವ ಮನಸ್ಸಾಗಲಿಲ್ಲ.